ಯುಕುಲೇಲೆಯ ದನಿ ಎಲ್ಲಿಂದ ಬರುತ್ತದೆ: ಮರವನ್ನು ನೋಡಿ, ತಟ್ಟಿ, ಮೀಟಿ ತಿಳಿಯುವ ಬಗೆ

1907ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ಮೊದಲ ಸಲ ಯುಕುಲೇಲೆ, ಅಂದರೆ ಗಿಟಾರಿನಂಥ ನಾಲ್ಕು ತಂತಿಯ ಪುಟ್ಟ ವಾದ್ಯ, ಮಾಡಿತು. ಆ ಹೊತ್ತಿಗೆ ಅವರು ಗಿಟಾರ್ ಮಾಡಲು ಶುರುಮಾಡಿ ಎಪ್ಪತ್ತು ವರ್ಷ ದಾಟಿತ್ತು. ಗಿಟಾರಿಗೆ ಹಾಕುವ ಹಾಗೇ ಇದಕ್ಕೂ ಸ್ಪ್ರೂಸ್ ಮರದ ಟಾಪ್, ಅಂದರೆ ಮುಂದಿನ ಹಲಗೆ, ಹಾಕಿದರು. ಗಿಟಾರಿಗೆ ಕೊಡುವ ಹಾಗೇ ಒಳಗೆ ಗಟ್ಟಿಯಾಗಿ ಪಟ್ಟಿಗಳನ್ನು ಅಂಟಿಸಿದರು. ಮರ ಒಳ್ಳೆಯದು, ಕೈ ಪಳಗಿದ್ದು. ಆದರೂ ವಾದ್ಯ ಮಂಕಾಗಿ ನುಡಿಯಿತು, ಜನರಿಗೆ ಹಿಡಿಸಲಿಲ್ಲ. ಕೆಲವು ವರ್ಷ ಬಿಟ್ಟು, 1916ರ ಸುಮಾರಿಗೆ ಮತ್ತೆ ಕೈ ಹಾಕಿದಾಗ ಮಹೋಗನಿ ಬಳಸಿದರು, ಮೈಯನ್ನು ಹಗುರ ಮಾಡಿದರು, ಪಟ್ಟಿ ಕಡಿಮೆ ಮಾಡಿದರು. ಈ ಸಲ ಓಡಿತು.

ಹಾಗಾದರೆ ಸ್ಪ್ರೂಸ್ ಕೆಟ್ಟ ಮರವಾ? ಖಂಡಿತ ಅಲ್ಲ. ಇವತ್ತು ಸ್ಪ್ರೂಸ್ ಟಾಪಿನ ಚಂದದ ಯುಕುಲೇಲೆಗಳು ಬೇಕಾದಷ್ಟಿವೆ. ಎಡವಿದ್ದು ಕಟ್ಟಿದ ರೀತಿಯಲ್ಲಿ.

ಯುಕುಲೇಲೆ ಕೊಳ್ಳಲು ಹೊರಟವರು "ಕೋವಾ ಮರ ಒಳ್ಳೆಯದಾ, ಮಹೋಗನಿ ಒಳ್ಳೆಯದಾ" ಅಂತ ಕೇಳುತ್ತಾರೆ. ನಾನೂ ಅಲ್ಲಿಂದಲೇ ಶುರುಮಾಡಿದ್ದು. ಈಗ ಅನಿಸುವುದು, ಅದು ನಾಲ್ಕನೆಯದೋ ಐದನೆಯದೋ ಆಗಿರಬೇಕಾದ ಪ್ರಶ್ನೆ. ಅದಕ್ಕೂ ಮೊದಲು ಕಣ್ಣು, ಕೈ, ಕಿವಿಗೆ ಬೇರೆ ಕೆಲಸವಿದೆ. ವಾದ್ಯ ಕೈಗೆ ಬಂದಾಗ ನಾನು ಮಾಡುವ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಸಣ್ಣ ಲೆಕ್ಕ

ತಂತಿಗೆ ತಾನಾಗಿ ಹೆಚ್ಚು ಸದ್ದು ಮಾಡುವ ತಾಕತ್ತಿಲ್ಲ. ಅದು ತೆಳ್ಳಗಿದೆ, ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ ಅಷ್ಟೇ. ತಂತಿಯ ಅಲುಗಾಟ ಅದು ಒರಗಿರುವ ಸಣ್ಣ ಪಟ್ಟಿ, ಅಂದರೆ ಸ್ಯಾಡಲ್ ಮೂಲಕ, ಟಾಪಿಗೆ ಅಂಟಿಸಿದ ಮರದ ತುಂಡಾದ ಬ್ರಿಡ್ಜಿಗೆ ಇಳಿಯುತ್ತದೆ. ಬ್ರಿಡ್ಜ್ ಟಾಪನ್ನು ಅಲುಗಾಡಿಸುತ್ತದೆ. ಟಾಪ್ ಗಾಳಿಯನ್ನು ತಳ್ಳುತ್ತದೆ. ನಾವು ಕೇಳುವುದು ಬಹುಪಾಲು ಈ ಟಾಪಿನ ದನಿ.

ಒಂದು ಕೊಡದ ತುಂಬ ನೀರಿದೆ ಅಂದುಕೊಳ್ಳಿ. ತಳದಲ್ಲಿ ದೊಡ್ಡ ತೂತು ಇದ್ದರೆ ನೀರು ಧೋ ಅಂತ ಸುರಿದು ಬೇಗ ಖಾಲಿಯಾಗುತ್ತದೆ. ಸಣ್ಣ ತೂತಾದರೆ ತೊಟ್ಟಿಕ್ಕುತ್ತಾ ತುಂಬಾ ಹೊತ್ತು ಇರುತ್ತದೆ. ಬೆರಳು ತಂತಿಗೆ ಕೊಟ್ಟ ಶಕ್ತಿಯೂ ಹೀಗೇ. ಹಗುರವಾದ ಟಾಪ್ ಅದನ್ನು ಒಮ್ಮೆಗೇ ಹೊರಗೆ ಹಾಕುತ್ತದೆ. ದನಿ ಜೋರು, ಆದರೆ ಗಿಡ್ಡ. ದಪ್ಪ, ಭಾರದ ಟಾಪ್ ನಿಧಾನವಾಗಿ ಬಿಡುತ್ತದೆ. ದನಿ ಮೆತ್ತಗೆ, ಸ್ವಲ್ಪ ಉದ್ದ. ಯುಕುಲೇಲೆಗೆ ಇರುವ ಆ "ಪ್ಲಂಕ್" ಅನ್ನುವ ಚುರುಕು ಬರುವುದೇ ಹಗುರವಾದ ಮೈಯಿಂದ. ಜೋರೂ ಬೇಕು, ಉದ್ದವೂ ಬೇಕು ಅಂದರೆ ಕೊಡವೇ ದೊಡ್ಡದಾಗಬೇಕು, ಅಂದರೆ ದೊಡ್ಡ ಅಳತೆಯ ವಾದ್ಯ.

ಇನ್ನೊಂದು ಸಂಗತಿ. ಹಲಗೆಯ ಬಿಗಿತ ಅದರ ದಪ್ಪದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. 2 ಮಿಲಿಮೀಟರಿನ ಟಾಪನ್ನು 1.8ಕ್ಕೆ ಇಳಿಸಿ ನೋಡಿ. ದಪ್ಪ ಕಡಿಮೆಯಾಗಿದ್ದು ಶೇಕಡಾ 10, ಬಿಗಿತ ಕಡಿಮೆಯಾಗಿದ್ದು ಹತ್ತಿರಹತ್ತಿರ ಶೇಕಡಾ 27. ಉಗುರಿನ ದಪ್ಪವೂ ಇಲ್ಲದ ಈ ವ್ಯತ್ಯಾಸಕ್ಕೆ ದನಿಯೇ ಬೇರೆಯಾಗುತ್ತದೆ. ಒಂದೇ ಮರದಿಂದ ಇಬ್ಬರು ಮಾಡಿದ ಎರಡು ಯುಕುಲೇಲೆಗಳು ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ನುಡಿಯುವುದು ಇದರಿಂದಲೇ.

ಹೆಜ್ಜೆ 1: ಅಳತೆ ಸಮ ಇದೆಯಾ ನೋಡಿ

ಇದು ಸುಲಭ, ಆದರೆ ಜನ ಮರೆಯುತ್ತಾರೆ. ಯುಕುಲೇಲೆಗೆ ನಾಲ್ಕು ಮಾಮೂಲಿ ಅಳತೆಗಳಿವೆ. ಚಿಕ್ಕದಾದ ಸೊಪ್ರಾನೊದ ತಂತಿಯ ಉದ್ದ ಸುಮಾರು 33ರಿಂದ 35 ಸೆಂಟಿಮೀಟರ್, ಕನ್ಸರ್ಟ್ 38, ಟೆನರ್ 43, ಬ್ಯಾರಿಟೋನ್ 48ಕ್ಕೂ ಜಾಸ್ತಿ. ಮೈ ದೊಡ್ಡದಾದಷ್ಟೂ ಒಳಗಿನ ಗಾಳಿ ಜಾಸ್ತಿ, ಕೆಳಸ್ವರಗಳಿಗೆ ತುಂಬುದನಿ ಜಾಸ್ತಿ. ಮಹೋಗನಿ ಸೊಪ್ರಾನೊ ಪಕ್ಕದಲ್ಲಿ ಸ್ಪ್ರೂಸ್ ಟೆನರ್ ಇಟ್ಟುಕೊಂಡು "ಸ್ಪ್ರೂಸ್ ಎಷ್ಟು ತುಂಬಿಕೊಂಡಿದೆ" ಅಂದರೆ ಅದು ಮರದ ಮಾತಲ್ಲ, ಅಳತೆಯ ಮಾತು. ಹೋಲಿಸುವುದಾದರೆ ಒಂದೇ ಅಳತೆಯ ವಾದ್ಯಗಳನ್ನು ಹೋಲಿಸಿ.

ಹೆಜ್ಜೆ 2: ಸೌಂಡ್‌ಹೋಲಿನ ಅಂಚನ್ನು ಹತ್ತಿರದಿಂದ ನೋಡಿ

ಇಡೀ ಪರೀಕ್ಷೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಫೋನಿನ ಟಾರ್ಚ್ ಹಾಕಿ. ವಾದ್ಯವನ್ನು ಓರೆ ಮಾಡಿ. ಮುಂದಿನ ದುಂಡು ತೂತಿನ ಕತ್ತರಿಸಿದ ಅಂಚು ಕಾಣುವ ಹಾಗೆ ಹಿಡಿಯಿರಿ. ಅಲ್ಲಿ ಟಾಪಿನ ದಪ್ಪ ಬರಿಗಣ್ಣಿಗೆ ಕಾಣುತ್ತದೆ.

ಟಾಪಿನ ಮೇಲೆ ಉದ್ದಕ್ಕೂ ಮರದ ಗೆರೆಗಳು ಓಡುತ್ತವೆ. ಒಂದು ಗೆರೆಯನ್ನು ಹಿಡಿದುಕೊಂಡು ಕಣ್ಣನ್ನು ಅಂಚಿನವರೆಗೆ ತನ್ನಿ. ಅದೇ ಗೆರೆ ಅಂಚಿನಲ್ಲಿ ಕೆಳಗೆ ಇಳಿದು ಒಳಮುಖದ ತನಕ ಹೋದರೆ ಅದು ಒಂದೇ ಮರದ ಹಲಗೆ, ಸಾಲಿಡ್. ಗೆರೆ ಅಂಚಿಗೆ ಬಂದು ಕಡಿದು ಹೋಗಿ, ಅಲ್ಲಿ ಮೂರು ಪದರ ಒಂದರ ಮೇಲೊಂದು ಕೂತ ಹಾಗೆ ಕಂಡರೆ ಅದು ಲ್ಯಾಮಿನೇಟ್, ಅಂದರೆ ಪ್ಲೈವುಡ್ಡಿನ ಜಾತಿ. ಎಷ್ಟೋ ಸಲ ನಡುವಿನ ಪದರದ ಬಣ್ಣವೇ ಬೇರೆ ಇರುತ್ತದೆ. ಅಂಚಿಗೆ ಕಪ್ಪು ಬಣ್ಣ ಬಳಿದಿದ್ದರೆ, ಪಟ್ಟಿ ಅಂಟಿಸಿದ್ದರೆ ಈ ದಾರಿ ಮುಚ್ಚಿತು. ಆಗ ಬೆನ್ನಿನ ಹಲಗೆಗೆ ಬನ್ನಿ. ಹೊರಗೆ ಕಾಣುವ ಒಂದು ಸುಳಿಯನ್ನೋ ಕಪ್ಪು ಗೆರೆಯನ್ನೋ ಗುರುತಿಟ್ಟುಕೊಳ್ಳಿ. ತೂತಿನೊಳಗೆ ಇಣುಕಿ ನೋಡಿದರೆ ಅದೇ ಜಾಗದಲ್ಲಿ ಒಳಗೂ ಅದು ಕಾಣಬೇಕು. ಒಳಗಿನ ಚಿತ್ರ ಬೇರೆಯೇ ಇದ್ದರೆ ಬೆನ್ನು ಲ್ಯಾಮಿನೇಟ್.

ಇದಕ್ಕೇಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು? ಮರದ ನಾರು ಉದ್ದಕ್ಕೆ ಬಿಗಿ, ಅಡ್ಡಕ್ಕೆ ಸಡಿಲ. ಸ್ಪ್ರೂಸಿನಲ್ಲಿ ಉದ್ದದ ಬಿಗಿತ ಅಡ್ಡದ್ದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ. ಈ ಏರುಪೇರು ಟಾಪಿಗೆ ಒಂದು ವರ. ತಂತಿಯ ಎಳೆತವನ್ನು ಉದ್ದದ ಬಿಗಿತ ತಡೆದುಕೊಳ್ಳುತ್ತದೆ, ಅಡ್ಡದ ಸಡಿಲ ಹಲಗೆಯನ್ನು ಅಲುಗಲು ಬಿಡುತ್ತದೆ. ಲ್ಯಾಮಿನೇಟಿನಲ್ಲಿ ನಡುವಿನ ಪದರವನ್ನು ಅಡ್ಡ ತಿರುಗಿಸಿ ಅಂಟಿಸಿರುತ್ತಾರೆ. ಹಲಗೆ ಎಲ್ಲ ಕಡೆಗೂ ಬಿಗಿಯಾಗುತ್ತದೆ. ಜೊತೆಗೆ ಅಂಟಿನ ಪದರ ಒಂದಷ್ಟು ಅಲುಗಾಟವನ್ನು ನುಂಗುತ್ತದೆ. ಹಾಗಾಗಿ ದನಿ ಸಾಮಾನ್ಯವಾಗಿ ಸ್ವಲ್ಪ ಮುದುಡಿಕೊಂಡಿರುತ್ತದೆ. ಜೋರಾಗಿ ನುಡಿಸಿದರೂ ಮೆತ್ತಗೆ ನುಡಿಸಿದರೂ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ.

ಲ್ಯಾಮಿನೇಟ್ ಅಂದ ತಕ್ಷಣ ಮೂಗು ಮುರಿಯಬೇಡಿ. ಬಿಸಿಲು, ಮಳೆ, ಬಸ್ಸು, ಮಕ್ಕಳ ಕೈ ಎಲ್ಲವನ್ನೂ ಅದು ತಡೆದುಕೊಳ್ಳುತ್ತದೆ. ತೆಳ್ಳಗೆ ಮಾಡಿದ ಲ್ಯಾಮಿನೇಟ್, ದಪ್ಪಗೆ ಮಾಡಿದ ಸಾಲಿಡ್‌ಗಿಂತ ಚೆನ್ನಾಗಿ ನುಡಿಯುವುದನ್ನು ನಾನು ಒಂದಲ್ಲ ಹಲವು ಸಲ ಕೇಳಿದ್ದೇನೆ.

ಇನ್ನು ಚೀಟಿಯ ಭಾಷೆ. "ಆಲ್ ಸಾಲಿಡ್" ಅಂದರೆ ಟಾಪ್, ಬೆನ್ನು, ಪಕ್ಕೆ ಮೂರೂ ಒಂದೇ ಪದರದ ಮರ. "ಸಾಲಿಡ್ ಟಾಪ್" ಅಂದರೆ ಮುಂದಿನ ಹಲಗೆ ಮಾತ್ರ. ಸುಮ್ನೆ "ಮಹೋಗನಿ" ಅಥವಾ "ಕೋವಾ" ಅಂತ ಬರೆದು ನಿಲ್ಲಿಸಿದ್ದರೆ ಲ್ಯಾಮಿನೇಟ್ ಅಂತಲೇ ತಿಳಿಯುವುದು ಕ್ಷೇಮ. ನಾನು ಮೊದಲು ಕೊಂಡ ಯುಕುಲೇಲೆಯ ವಿವರದಲ್ಲಿ "ರಿಯಲ್ ವುಡ್" ಅಂತ ಇತ್ತು. ಸುಳ್ಳೇನಲ್ಲ, ಪ್ಲೈವುಡ್ಡೂ ಮರವೇ ಅಲ್ವಾ! ಎರಡು ವರ್ಷ ಅದನ್ನು ಸಾಲಿಡ್ ಅಂತ ಹೇಳಿಕೊಂಡು ತಿರುಗಿದೆ. ಟಾರ್ಚ್ ಬಿಟ್ಟು ನೋಡಿದ ದಿನ ಮೂರು ಪದರ ಹಲ್ಲು ಕಿರಿಯಿತು.

ಹೆಜ್ಜೆ 3: ಎತ್ತಿ ನೋಡಿ, ತಟ್ಟಿ ನೋಡಿ

ಕೈಯಲ್ಲಿ ಎತ್ತಿದಾಗ "ಅಯ್ಯೋ, ಇಷ್ಟು ಹಗುರವಾ" ಅನಿಸಿದರೆ ಒಳ್ಳೆಯ ಸೂಚನೆ. ಹಗುರವಾಗಿ ಕಟ್ಟಿದ ಸೊಪ್ರಾನೊ 400 ಗ್ರಾಂ ಆಚೀಚೆ ಇರುತ್ತದೆ. ತಂತಿ ಬಿಗಿಸುವ ಕಿವಿಗಳಿಗೆ ಗೇರ್ ಇದ್ದರೆ ತೂಕ ಸ್ವಲ್ಪ ಏರುತ್ತದೆ, ಅದನ್ನು ಲೆಕ್ಕದಿಂದ ಬಿಟ್ಟುಬಿಡಿ. ತೂಕ ಮೈಯಲ್ಲಿದೆಯಾ ತಲೆಯಲ್ಲಿದೆಯಾ ಅನ್ನುವುದು ಮುಖ್ಯ.

ಆಮೇಲೆ ಎಡಗೈಯಿಂದ ತಂತಿಗಳ ಮೇಲೆ ಮೆತ್ತಗೆ ಬೆರಳಿಟ್ಟು ಅವು ಮೊಳಗದಂತೆ ಹಿಡಿಯಿರಿ. ಬಲಗೈಯ ಬೆರಳ ತುದಿಯ ಮಾಂಸದ ಭಾಗದಿಂದ, ಉಗುರಿನಿಂದಲ್ಲ, ಬ್ರಿಡ್ಜಿನ ಪಕ್ಕದಲ್ಲಿ ಟಾಪನ್ನು ತಟ್ಟಿ. ಚಿಕ್ಕ ಡೋಲಿನ ಹಾಗೆ "ದುಂ" ಅಂತ ಒಂದು ಸ್ವರ ಎದ್ದು, ಒಂದು ಕ್ಷಣ ನಿಂತು ಇಳಿಯಬೇಕು. ರಟ್ಟಿನ ಡಬ್ಬಿಯ ಹಾಗೆ "ಟಕ್" ಅಂತ ಅಲ್ಲೇ ಸತ್ತರೆ ಟಾಪ್ ದಪ್ಪ ಇದೆ, ಇಲ್ಲವೇ ಮೇಲಿನ ಲೇಪ ದಪ್ಪ ಇದೆ. ಬ್ರಿಡ್ಜಿನಿಂದ ಅಂಚಿನ ಕಡೆಗೆ ತಟ್ಟುತ್ತಾ ಹೋಗಿ. ಅಂಚು ಹತ್ತಿರವಾದಂತೆ ದನಿ ಬಿಗಿಯಾಗುತ್ತದೆ, ಅದು ಸಹಜ. ನಡುವೆ ಎಲ್ಲೋ ಒಂದೇ ಕಡೆ "ಜರ್" ಅಂದರೆ ಒಳಗೆ ಏನೋ ಅಂಟು ಬಿಟ್ಟಿದೆ.

ಲೇಪದ ವಿಷಯ ಬಂದಿದ್ದಕ್ಕೆ ಒಂದು ಮಾತು. ಕನ್ನಡಿಯಂತೆ ಹೊಳೆಯುವ ದಪ್ಪ ಪಾಲಿಯೆಸ್ಟರ್ ಲೇಪ ಮರಕ್ಕೆ ರೇನ್‌ಕೋಟ್ ತೊಡಿಸಿದ ಹಾಗೆ. ಮಹೋಗನಿಯಂಥ ಮರದ ಮೇಲೆ ಸೂಕ್ಷ್ಮ ರಂಧ್ರಗಳು ಬೆರಳಿಗೆ ತಾಗುತ್ತಿದ್ದರೆ ಲೇಪ ತೆಳು ಅಂತ ಅರ್ಥ. ಹೊಳಪಿದ್ದ ಮಾತ್ರಕ್ಕೆ ದಪ್ಪ ಅಂತಲೂ ಅಲ್ಲ. ಕೈಪಳಗಿದವರು ತೆಳ್ಳಗೆ ಹಾಕಿಯೂ ಹೊಳಪು ತರುತ್ತಾರೆ.

ಹೆಜ್ಜೆ 4: ಒಳಗೆ ಇಣುಕಿ

ಟಾರ್ಚ್ ಕೈಯಲ್ಲೇ ಇದೆಯಲ್ಲ. ಜೊತೆಗೆ ಒಂದು ಚಿಕ್ಕ ಕನ್ನಡಿ ಇದ್ದರೆ ತೂತಿನಲ್ಲಿ ಇಳಿಸಿ ಟಾಪಿನ ಒಳಮುಖ ನೋಡಿ. ಅಲ್ಲಿ ಅಂಟಿಸಿರುವ ಮರದ ಪಟ್ಟಿಗಳೇ ಬ್ರೇಸ್. ತೆಳು ಹಲಗೆ ತಂತಿಯ ಎಳೆತಕ್ಕೆ ಬಾಗದಂತೆ ಇವು ಕಾಯುತ್ತವೆ. ಸೊಪ್ರಾನೊದಲ್ಲಿ ಎಷ್ಟೋ ಸಲ ಅಡ್ಡಕ್ಕೆ ಎರಡೇ ಪಟ್ಟಿ ಇರುತ್ತವೆ. ಟೆನರಿನಲ್ಲಿ ಬ್ರಿಡ್ಜಿನ ಕೆಳಗೆ ಬೀಸಣಿಗೆಯ ಕಡ್ಡಿಗಳ ಹಾಗೆ ಮೂರೋ ಐದೋ ಸಣ್ಣ ಪಟ್ಟಿ ಹರಡಿರುತ್ತವೆ.

ಯುಕುಲೇಲೆಯ ನೈಲಾನ್ ತಂತಿಗಳ ಎಳೆತ, ಉಕ್ಕಿನ ತಂತಿಯ ಗಿಟಾರಿಗೆ ಹೋಲಿಸಿದರೆ ಏನೇನೂ ಅಲ್ಲ. ಅಂಥ ಗಿಟಾರ್ 70 ಕಿಲೋಗೂ ಹೆಚ್ಚು ಎಳೆತ ಹೊರುತ್ತದೆ. ಆದ್ದರಿಂದ ಇಲ್ಲಿ ದಪ್ಪ ಪಟ್ಟಿಗಳಿಗೆ ಕೆಲಸವಿಲ್ಲ. 1907ರಲ್ಲಿ ಆಗಿದ್ದು ಇದೇ ಎಡವಟ್ಟು. ಪಟ್ಟಿಗಳ ತುದಿ ತೆಳ್ಳಗೆ ಇಳಿಜಾರಾಗಿ ಕೆತ್ತಿದ್ದರೆ ಯಾರೋ ಗಮನ ಕೊಟ್ಟು ಮಾಡಿದ್ದಾರೆ ಅಂತ ತಿಳಿಯಬಹುದು. ಚೌಕ ತುಂಡುಗಳನ್ನು ಸುಮ್ನೆ ಅಂಟಿಸಿ, ಸುತ್ತ ಅಂಟು ಹರಿದು ಗಟ್ಟಿಯಾಗಿದ್ದರೆ ಅವಸರದ ಕೆಲಸ.

ಬ್ರಿಡ್ಜಿನ ಹಿಂದೆ ಟಾಪ್ ಸ್ವಲ್ಪವೇ ಉಬ್ಬಿರುವುದು ಮಾಮೂಲು. ಹಗುರ ವಾದ್ಯಗಳಲ್ಲಿ ಹಾಗಾಗುತ್ತದೆ. ಬ್ರಿಡ್ಜ್ ಮುಂದಕ್ಕೆ ವಾಲಿ, ಅದರ ಹಿಂಬದಿಯಲ್ಲಿ ಒಂದು ಕಾಗದ ತೂರಿಸುವಷ್ಟು ಸಂದು ಕಂಡರೆ ಮಾತ್ರ ಆ ವಾದ್ಯ ಕೆಳಗಿಡಿ.

ಹೆಜ್ಜೆ 5: ಈಗ ಕೇಳಿ ಮರದ ಹೆಸರು

ಇಲ್ಲಿಂದ ಮುಂದೆ ಹೇಳುವುದೆಲ್ಲ ಟಾಪಿನ ಮರದ ಬಗ್ಗೆ. ದಪ್ಪ, ಅಳತೆ, ಕಟ್ಟುವ ಕೈ ಒಂದೇ ಇದ್ದರೆ ಈ ವ್ಯತ್ಯಾಸಗಳು ಕೇಳಿಸುತ್ತವೆ.

ಕೋವಾ. ಯುಕುಲೇಲೆಯ ಹುಟ್ಟೂರು ಹವಾಯಿ. ಈ ಮರ ಸಹಜವಾಗಿ ಬೆಳೆಯುವುದೂ ಅಲ್ಲಿ ಮಾತ್ರ. 1879ರಲ್ಲಿ ಪೋರ್ಚುಗಲ್ಲಿನ ಮದೀರಾ ದ್ವೀಪದಿಂದ ರೇವನ್ಸ್‌ಕ್ರ್ಯಾಗ್ ಎಂಬ ಹಡಗಿನಲ್ಲಿ ಬಂದವರಲ್ಲಿ ಮೂವರು ಬಡಗಿಗಳಿದ್ದರು: ಮ್ಯಾನುಯೆಲ್ ನೂನೆಸ್, ಅಗಸ್ಟೊ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸಾಂಟೊ. ತಮ್ಮೂರಿನ ಪುಟ್ಟ ಮಷೆಟೆ ವಾದ್ಯದ ಮಾದರಿಯಲ್ಲಿ ಹವಾಯಿಯಲ್ಲಿ ವಾದ್ಯ ಮಾಡಲು ಕೈಗೆ ಸಿಕ್ಕ ಮರ ಬಳಸಿದರು. ಅದು ಕೋವಾ. ಹಾಗಾಗಿ "ಯುಕುಲೇಲೆ ದನಿ" ಅಂದರೆ ನಮ್ಮ ಕಿವಿಗೆ ಕೋವಾ ದನಿಯೇ ಅನಿಸಿಬಿಟ್ಟಿದೆ. ನಡುಸ್ವರಗಳು ಎದ್ದು ಕೇಳುತ್ತವೆ, ಮೇಲೆ ಒಂದು ಮಿಂಚು ಇರುತ್ತದೆ. ಅಲೆ ಅಲೆಯಾಗಿ ಹೊಳೆಯುವ ಕೋವಾ ಹಲಗೆಗೆ ಬೆಲೆ ಜಾಸ್ತಿ. ಆ ಹೊಳಪು ಕಣ್ಣಿಗೆ ಹಬ್ಬ, ಕಿವಿಗೆ ಅದರಿಂದ ಲಾಭವಿಲ್ಲ. ನಾರು ಅಂಕುಡೊಂಕಾದಷ್ಟೂ ಹಲಗೆಯ ಬಿಗಿತ ಕಡಿಮೆಯಾಗುತ್ತದೆಯೇ ಹೊರತು ಏರುವುದಿಲ್ಲ. ನೆಟ್ಟಗಿನ ಗೆರೆಯ ಸಾದಾ ಕೋವಾ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. "ಅಕೇಶಿಯ" ಅಂತ ಮಾರುವ ಮರಗಳು ಕೋವಾದ ದಾಯಾದಿಗಳು. ಆಸ್ಟ್ರೇಲಿಯಾದ ಬ್ಲ್ಯಾಕ್‌ವುಡ್ ಕೂಡ ಅದೇ ಕುಲ. ಕಣ್ಣು ಮುಚ್ಚಿ ಕೇಳಿದರೆ ಎರಡನ್ನೂ ಬೇರ್ಪಡಿಸುವುದು ಕಷ್ಟ.

ಮಹೋಗನಿ. ಘನಮೀಟರಿಗೆ ಸುಮಾರು 550ರಿಂದ 600 ಕಿಲೋ ತೂಗುವ, ಹದವಾದ ಮರ. ದನಿ ಬೆಚ್ಚಗೆ, ಒತ್ತಾಗಿ, ಮೇಲಿನ ಮೊನೆ ಸ್ವಲ್ಪ ಮೊಂಡಾಗಿ ಇರುತ್ತದೆ. ಹಾಡಿನ ಜೊತೆ ಮೀಟುವವರಿಗೆ ಇದು ಅಡ್ಡ ಬರುವುದಿಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಅಸಲಿ ಮಹೋಗನಿಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2003ರಿಂದ ಸೈಟಿಸ್, ಅಂದರೆ ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಮಿತಿ ಹಾಕುವ ಒಪ್ಪಂದದ ಕಡಿವಾಣ ಇದೆ. ಹಾಗಾಗಿ ಮಹೋಗನಿ ಅಂತ ಬರೆದ ಕಡೆ ಸಪೇಲಿ, ಒಕೂಮೆ, ನ್ಯಾಟೊ ಇರುವುದು ಮಾಮೂಲು. ಅವೂ ಕೆಟ್ಟ ಮರಗಳಲ್ಲ, ಹೆಸರು ಮಾತ್ರ ಬಾಡಿಗೆಯದು.

ಸ್ಪ್ರೂಸ್. ಘನಮೀಟರಿಗೆ 400ರಿಂದ 450 ಕಿಲೋ ಆಸುಪಾಸು. ಇಷ್ಟು ಹಗುರವಾಗಿದ್ದೂ ಬಿಗಿಯಾಗಿರುವುದೇ ಇದರ ಗುಟ್ಟು. ಪಿಟೀಲಿನಿಂದ ಪಿಯಾನೋ ತನಕ ಇದನ್ನೇ ಹಾಕುವುದು ಅದಕ್ಕೇ. ಪ್ರತಿ ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ, ಜೋರಾಗಿ ಮೀಟಿದರೆ ಜೋರಾಗಿಯೇ ಉತ್ತರ ಕೊಡುತ್ತದೆ. ಒಂದೊಂದೇ ತಂತಿ ಮೀಟಿ ನುಡಿಸುವವರಿಗೆ, ದೊಡ್ಡ ಅಳತೆಯ ಯುಕುಲೇಲೆಗೆ ಚೆನ್ನಾಗಿ ಒಪ್ಪುತ್ತದೆ. ಸೊಪ್ರಾನೊದಲ್ಲಿ ಮಾತ್ರ ಕೆಲವೊಮ್ಮೆ ಕಿವಿಗೆ ಚುಚ್ಚುತ್ತದೆ.

ಸೀಡರ್ ಇನ್ನೂ ಹಗುರ, ಇನ್ನೂ ಮೆತ್ತನೆ. ಬೆರಳ ತುದಿಯಿಂದ ಸವರಿದರೂ ದನಿ ಹೊರಡುತ್ತದೆ. ಜೋರಾಗಿ ಬಾರಿಸಿದರೆ ಒಂದು ಹಂತದ ಮೇಲೆ ಏರುವುದಿಲ್ಲ. ಉಗುರು ತಾಗಿದರೂ ಗುರುತು ಬೀಳುತ್ತದೆ, ಜೋಪಾನ. ಮಾವಿನ ಮರದ ದನಿ ಕೋವಾಗೂ ಮಹೋಗನಿಗೂ ನಡುವೆ ಎಲ್ಲೋ ಇರುತ್ತದೆ. ಬಣ್ಣವಂತೂ ಹಲಗೆಗೊಂದು. ಮೇಪಲ್, ವಾಲ್ನಟ್ ಹೆಚ್ಚಾಗಿ ಬೆನ್ನು, ಪಕ್ಕೆಗೇ ಹೋಗುತ್ತವೆ.

ಹೆಸರು ಯಾವುದೇ ಇರಲಿ, ಗೆರೆ ನೋಡಿ. ಸ್ಪ್ರೂಸ್, ಸೀಡರ್ ಟಾಪಿನಲ್ಲಿ ಗೆರೆಗಳು ಒತ್ತೊತ್ತಾಗಿ, ಸಮವಾಗಿ, ನೆಟ್ಟಗೆ ಓಡಬೇಕು. ಸೌಂಡ್‌ಹೋಲಿನ ಅಂಚಿನಲ್ಲಿ ಆ ಗೆರೆಗಳು ನೆಟ್ಟಗೆ ನಿಂತಿದ್ದರೆ ದಿಮ್ಮಿಯನ್ನು ಸರಿಯಾದ ಕೋನದಲ್ಲಿ ಸೀಳಿದ್ದಾರೆ. ಅಂಥ ಹಲಗೆ ಬಿಗಿ, ಹವೆ ಬದಲಾದರೆ ಸೊಟ್ಟಗಾಗುವುದೂ ಕಡಿಮೆ.

ಹೆಜ್ಜೆ 6: ಬೆನ್ನಿಗೆ ಎಷ್ಟು ಬೆಲೆ ಕೊಡಬೇಕು?

1862ರಲ್ಲಿ ಸ್ಪೇನಿನ ಗಿಟಾರ್ ಶಿಲ್ಪಿ ಅಂಟೋನಿಯೊ ದೆ ಟೊರೆಸ್ ಒಂದು ವಿಚಿತ್ರ ಗಿಟಾರ್ ಮಾಡಿದರು. ಟಾಪ್ ಸ್ಪ್ರೂಸಿನದು, ಬೆನ್ನು ಮತ್ತು ಪಕ್ಕೆ ರಟ್ಟಿನದು. ದನಿ ಹುಟ್ಟುವುದು ಟಾಪಿನಲ್ಲಿ ಅಂತ ತೋರಿಸಲು ಮಾಡಿದ್ದು. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ, ಬೆನ್ನು ಮತ್ತು ಪಕ್ಕೆಯ ಮರ ಮಾತ್ರ ಬೇರೆ ಇರುವ ಆರು ಗಿಟಾರ್‌ಗಳನ್ನು 52 ಗಿಟಾರ್ ವಾದಕರಿಗೆ ಯಾವ ಮರ ಅಂತ ಕಾಣದ ಹಾಗೆ ಕೊಟ್ಟು ನುಡಿಸಲು ಹೇಳಿದರು. ದುಬಾರಿ ಬ್ರೆಜಿಲ್ ಬೀಟೆಗೂ ಅಗ್ಗದ ಮರಕ್ಕೂ ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಇವು ಗಿಟಾರಿನ ಸಂಗತಿ ನಿಜ, ಆದರೆ ಪೆಟ್ಟಿಗೆ ಕೆಲಸ ಮಾಡುವ ರೀತಿ ಒಂದೇ.

ಮರವೇ ಇಲ್ಲದೆಯೂ ಯುಕುಲೇಲೆ ನುಡಿದಿದೆ. ಮಾರಿಯೊ ಮಕಾಫೆರಿ 1949ರಲ್ಲಿ ತಂದ ಐಲ್ಯಾಂಡರ್ ಪೂರ್ತಿ ಪ್ಲಾಸ್ಟಿಕ್ಕಿನದು. ಲಕ್ಷಗಟ್ಟಲೆ ಮಾರಾಟವಾಯಿತು.

ಹಾಗಂತ ಬೆನ್ನು ಸುಮ್ನೆ ಕೂತಿರುವುದಿಲ್ಲ. ಇದನ್ನು ನೀವೇ ಈಗಲೇ ನೋಡಬಹುದು. ವಾದ್ಯವನ್ನು ಹೊಟ್ಟೆಗೆ ಒತ್ತಿ ಹಿಡಿದು ಒಂದು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬಾರಿಸಿ. ಈಗ ಬೆನ್ನು ಎಲ್ಲಿಗೂ ತಾಗದಂತೆ ಸ್ವಲ್ಪ ದೂರ ಹಿಡಿದು ಅದೇ ಕಾರ್ಡ್ ಬಾರಿಸಿ. ಎರಡನೆಯದರಲ್ಲಿ ದನಿ ಬಿಚ್ಚಿಕೊಂಡರೆ ಬೆನ್ನೂ ಅಲುಗುವಷ್ಟು ತೆಳು ಇದೆ. ವ್ಯತ್ಯಾಸವೇ ಇಲ್ಲದಿದ್ದರೆ ಅದು ಬಿಗಿಯಾದ ಬೆನ್ನು, ಹೆಚ್ಚಾಗಿ ಲ್ಯಾಮಿನೇಟ್. ಸಾಲಿಡ್ ಟಾಪ್, ಲ್ಯಾಮಿನೇಟ್ ಬೆನ್ನು ಇರುವ ವಾದ್ಯ ಹೊಸಬರಿಗೆ ಒಳ್ಳೆಯ ಆಯ್ಕೆ ಅಂತ ನಾನು ಹೇಳುವುದು ಇದಕ್ಕೇ. ದುಡ್ಡು ಹೋಗಬೇಕಾದ ಕಡೆ ಹೋಗಿರುತ್ತದೆ.

ಬೀಟೆ ಮರದ ಬೆನ್ನು ಬೇಕೇಬೇಕು ಅನ್ನುವವರಿಗೆ ಒಂದು ಮಾಹಿತಿ. 2017ರ ಆರಂಭದಿಂದ ಬೀಟೆಯ ಇಡೀ ಕುಲವನ್ನು ಸೈಟಿಸ್ ಪಟ್ಟಿಗೆ ಸೇರಿಸಿದ್ದರು. 2019ರ ಕೊನೆಯಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬ್ರೆಜಿಲ್ ಬೀಟೆಗೆ ಮಾತ್ರ ಈ ವಿನಾಯಿತಿ ಇಲ್ಲ. ಹಳೆಯ ವಾದ್ಯವನ್ನು ಗಡಿ ದಾಟಿಸುವವರು ಅದು ಯಾವ ಬೀಟೆ ಅಂತ ಮೊದಲೇ ತಿಳಿದುಕೊಂಡಿರಬೇಕು.

ಹೆಜ್ಜೆ 7: ನುಡಿಸಿ, ಎಣಿಸಿ, ಕದ್ದು ಕೇಳಿ

ಶ್ರುತಿ ಮಾಡಿ. ಮೂರನೇ ತಂತಿಯನ್ನು ಬಿಡಿಯಾಗಿ ಒಮ್ಮೆ ಮೀಟಿ ಬಿಡಿ. ಮನಸ್ಸಿನಲ್ಲಿ ಎಣಿಸಿ. ದನಿ ಎಷ್ಟು ಎಣಿಕೆ ನಿಲ್ಲುತ್ತದೆ ಅನ್ನುವುದಕ್ಕಿಂತ ಹೇಗೆ ಇಳಿಯುತ್ತದೆ ಅನ್ನುವುದನ್ನು ಕೇಳಿ. ನುಣ್ಣಗೆ ಇಳಿಯಬೇಕು, ಎಡವಿ ಬೀಳಬಾರದು.

ನಂತರ ಮೊದಲ ತಂತಿಯಲ್ಲಿ ಒಂದೊಂದೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತುತ್ತಾ ಹನ್ನೆರಡರ ತನಕ ಹೋಗಿ. ಎಲ್ಲ ಯುಕುಲೇಲೆಯಲ್ಲೂ ಮೇಲಿನ ಸ್ವರಗಳು ಗಿಡ್ಡವೇ. ಆದರೆ ಅಕ್ಕಪಕ್ಕದವು ಚೆನ್ನಾಗಿದ್ದು ಒಂದು ಮಾತ್ರ "ಟೊಕ್" ಅಂತ ಸತ್ತರೆ ಆ ಸ್ವರ ಟಾಪಿನದೇ ಸ್ವರದ ಜೊತೆ ಜಗಳಕ್ಕೆ ಬಿದ್ದಿದೆ. ಹಗುರ ವಾದ್ಯದಲ್ಲಿ ಅಂಥದ್ದೊಂದು ಇದ್ದರೆ ನಾನು ಕ್ಷಮಿಸುತ್ತೇನೆ. ಮೂರ್ನಾಲ್ಕು ಇದ್ದರೆ ಇಲ್ಲ.

ಬೇರೆಯವರಿಗೆ ಕೊಟ್ಟು ನುಡಿಸಲು ಹೇಳಿ, ನೀವು ಎರಡು ಮೀಟರ್ ದೂರ ನಿಂತು ಕೇಳಿ. ದನಿ ಮುಂದಕ್ಕೆ ಹೋಗುತ್ತದೆ, ನುಡಿಸುವವರ ಕಿವಿ ಮೇಲಿರುತ್ತದೆ. ನಿಮಗೆ ಮೆತ್ತಗೆ ಅನಿಸಿದ್ದು ಎದುರಿನವರಿಗೆ ಚೆನ್ನಾಗಿಯೇ ಕೇಳುತ್ತಿರಬಹುದು.

ಎರಡು ವಾದ್ಯದ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ಫೋನನ್ನು ಒಂದು ಮೀಟರ್ ದೂರದಲ್ಲಿಟ್ಟು ಎರಡರಲ್ಲೂ ಒಂದೇ ತುಣುಕು ರೆಕಾರ್ಡ್ ಮಾಡಿ. ಫೈಲಿಗೆ ಬೇರೆಯವರು ಹೆಸರಿಡಲಿ, 1 ಮತ್ತು 2 ಅಂತ. ಮಾರನೇ ದಿನ ಕೇಳಿ. ನಾನು ಹೀಗೆ ಮಾಡಿದಾಗ "ಇದು ಖಂಡಿತ ಕೋವಾ" ಅಂತ ಬರೆದಿಟ್ಟಿದ್ದು ಲ್ಯಾಮಿನೇಟ್ ಮಹೋಗನಿ ಆಗಿತ್ತು.

ಹೆಜ್ಜೆ 8: ಮರವನ್ನು ಬೈಯುವ ಮೊದಲು

ದನಿ ಮಂಕು ಅನಿಸಿದರೆ ಮೊದಲು ತಂತಿ ಬದಲಿಸಿ. ಖರ್ಚು ಕಡಿಮೆ, ಫಲ ಜಾಸ್ತಿ. ಫ್ಲೋರೊಕಾರ್ಬನ್ ನೈಲಾನಿಗಿಂತ ಒಂದೂವರೆ ಪಟ್ಟು ಸಾಂದ್ರ. ಅದೇ ಸ್ವರಕ್ಕೆ ತೆಳು ತಂತಿ ಸಾಕು, ದನಿ ಚುರುಕಾಗುತ್ತದೆ. ಸ್ಪ್ರೂಸ್ ಕಿವಿಗೆ ಚುಚ್ಚುತ್ತಿದ್ದರೆ ನೈಲಾನ್ ಹಾಕಿ, ಮಹೋಗನಿ ತೂಕಡಿಸುತ್ತಿದ್ದರೆ ಫ್ಲೋರೊಕಾರ್ಬನ್. ಹೊಸ ತಂತಿ ಎಳೆದುಕೊಳ್ಳುತ್ತಾ ಹೋಗುತ್ತದೆ, ಕೆಲವು ದಿನ ಬಿಟ್ಟು ತೀರ್ಪು ಕೊಡಿ.

ಸ್ಯಾಡಲ್ ತನ್ನ ಸೀಳಿನಲ್ಲಿ ಸಡಿಲವಾಗಿ ಕೂತಿದ್ದರೆ, ತಳ ಸಮ ಇಲ್ಲದಿದ್ದರೆ, ಎಂಥ ಮರವಾದರೂ ದನಿ ಅಲ್ಲೇ ಸೋರುತ್ತದೆ. ತಂತಿ ಹನ್ನೆರಡನೇ ಫ್ರೆಟ್ಟಿನ ಮೇಲೆ ಎರಡೂವರೆ ಮಿಲಿಮೀಟರ್ ಸುತ್ತಮುತ್ತ ಇರಲಿ. ತೀರಾ ಕೆಳಗಿದ್ದರೆ ಫ್ರೆಟ್ಟಿಗೆ ತಾಗಿ ಜರಗುಟ್ಟುತ್ತದೆ.

ಹೆಜ್ಜೆ 9: ಮನೆಗೆ ತಂದ ಮೇಲೆ

ಸಾಲಿಡ್ ಮರ ಗಾಳಿಯ ತೇವ ಕುಡಿದು ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಉದ್ದಕ್ಕೆ ಅಷ್ಟಾಗಿ ಬದಲಾಗುವುದಿಲ್ಲ. ಶೇಕಡಾ 45ರಿಂದ 55ರ ತೇವಾಂಶ ಅದಕ್ಕೆ ಹಿತ. ಒಂದು ಸಣ್ಣ ತೇವಮಾಪಕವನ್ನು ಪೆಟ್ಟಿಗೆಯೊಳಗೆ ಇಟ್ಟರೆ ಊಹಿಸುವ ಗೋಜಿಲ್ಲ. ತೇವ ಜಾಸ್ತಿಯಾದರೆ ಟಾಪ್ ಊದಿಕೊಂಡು ತಂತಿ ಎತ್ತರವಾಗುತ್ತದೆ, ದನಿ ಒದ್ದೆ ಬಟ್ಟೆ ಹೊದ್ದ ಹಾಗಾಗುತ್ತದೆ. ಒಣಗಿದರೆ ದನಿ ಗರಿಗರಿಯಾಗುತ್ತದೆ, ಕತ್ತಿನ ಪಕ್ಕ ಕೈಯಾಡಿಸಿದರೆ ಫ್ರೆಟ್ಟಿನ ತುದಿಗಳು ಚುಚ್ಚುತ್ತವೆ. ಚುಚ್ಚಲು ಶುರುವಾದರೆ ಅದೇ ದಿನ ಪೆಟ್ಟಿಗೆಯಲ್ಲಿ ತೇವದ ಪೊಟ್ಟಣ ಇಡಿ, ಮುಂದಿನದು ಬಿರುಕು.

ನನ್ನ ಸೀಡರ್ ಟಾಪಿನ ಟೆನರನ್ನು ಚಂದ ಕಾಣಲಿ ಅಂತ ಗೋಡೆಗೆ ನೇತುಹಾಕಿದ್ದೆ. ಏಸಿಯ ಗಾಳಿ ನೇರ ಅದರ ಮೇಲೆ ಬೀಳುತ್ತಿತ್ತು. ಫ್ರೆಟ್ ಚುಚ್ಚಿದ್ದು ಗೊತ್ತಾಗಿತ್ತು, ಉದಾಸೀನ ಮಾಡಿದೆ. ಒಂದು ಬೆಳಗ್ಗೆ ಬ್ರಿಡ್ಜಿನ ಕೆಳಗೆ ಕೂದಲೆಳೆಯಂಥ ಗೆರೆ. ಉಗುರು ಓಡಿಸಿದರೆ ಸಿಕ್ಕಿಕೊಂಡಿತು. ರಿಪೇರಿ ಮಾಡಿದವರು ಮೊದಲು ಎರಡು ವಾರ ವಾದ್ಯವನ್ನು ತೇವದಲ್ಲಿಟ್ಟು ಬಿರುಕು ತಾನಾಗಿ ಮುಚ್ಚಿಕೊಳ್ಳಲು ಬಿಟ್ಟರು. ಆಮೇಲೆ ಅಂಟು ಇಳಿಸಿ, ಒಳಗಿನಿಂದ ನಾರಿಗೆ ಅಡ್ಡವಾಗಿ ಉಗುರಿನಷ್ಟಗಲದ ಮೂರು ಮರದ ಬಿಲ್ಲೆ ಅಂಟಿಸಿದರು. ಈಗ ತಟ್ಟಿದರೆ ಆ ಜಾಗದಲ್ಲಿ ದನಿ ಕೊಂಚ ಬಿಗಿ. ನುಡಿಸುವಾಗ ಗೊತ್ತಾಗುವುದಿಲ್ಲ. ಟೆನರ್ ಈಗ ಪೆಟ್ಟಿಗೆಯಲ್ಲಿದೆ. ಗೋಡೆಯ ಮೊಳೆಯಲ್ಲಿ ಆ ಮೂರು ಪದರದ ಹಳೆಯ ಸೊಪ್ರಾನೊ ನೇತಾಡುತ್ತಿದೆ, ಏಸಿ ಗಾಳಿಯಲ್ಲೇ.